ಮ್ಯೂಸಿಕ್ಕನ್ನೇ ವೃತ್ತಿ ಮಾಡ್ಕೊಳ್ಳೋರಿಗೆ: ಎರಡನೇ ಸಲ ಕರೀಬೇಕು ಅಂದ್ರೆ

ಚೆನ್ನಾಗಿ ನುಡಿಸ್ತೀನಿ, ಆದ್ರೂ ಕೆಲಸ ಸಿಗ್ತಿಲ್ಲ ಅಂತ ಕೊರಗೋರು ತುಂಬ ಜನ ಇದಾರೆ, ಅವರಿಗೇ ಅಂತ ಬರೀತಿದೀನಿ. ಮೊದಲ ಸಲ ಕರೆಯೋದು ನಿಮ್ಮ ಕೈಚಳಕ ಕೇಳಿ, ಎರಡನೇ ಸಲ ಕರೆಯೋದು ನೀವು ಹೇಗೆ ಕೆಲಸ ಮಾಡಿದ್ರಿ ಅಂತ ನೋಡಿ, ಹೊಟ್ಟೆ ತುಂಬೋದು ಆ ಎರಡನೇ ಕರೆಯಿಂದಾನೇ.

ಹಾಡಿನ ಲಿಸ್ಟ್ ಬಂದ ತಕ್ಷಣ ಮೊದಲಿಂದ ಕೊನೆವರೆಗೆ ಹತ್ತತ್ತು ಸಲ ನುಡಿಸ್ತಾ ಕೂರ್ಬೇಡಿ. ಎಡವೋ ಜಾಗ ಹುಡುಕಿ, ಸಾಮಾನ್ಯವಾಗಿ ಎರಡು ಮೂರು ಬಾರ್ (ತಾಳದ ಒಂದೊಂದು ಸುತ್ತು) ಇರುತ್ತೆ ಅಷ್ಟೇ, ಹಾಡು 120 ಟೆಂಪೋಲಿದ್ರೆ (ಅಂದ್ರೆ ನಿಮಿಷಕ್ಕೆ 120 ಬೀಟ್) ಟಿಕ್ ಟಿಕ್ ಅಂತ ಲಯ ಹೇಳೋ ಮೆಟ್ರೋನೋಮ್ 60ಕ್ಕಿಟ್ಟು ಅಷ್ಟನ್ನೇ ನುಡಿಸಿ, ಸತತ ಐದು ಸಲ ತಪ್ಪಿಲ್ದೆ ಬಂದ್ರೆ 4 ಏರಿಸಿ, ತಪ್ಪಿದ್ರೆ ಇಳಿಸಿ. ಆಮೇಲೆ ಹಿಂದಿನ ಬಾರ್ ಸೇರಿಸ್ಕೊಳ್ಳಿ, ಯಾಕಂದ್ರೆ ಬೆರಳು ತಡವರಿಸೋದು ಎಷ್ಟೋ ಸಲ ಆ ಜಾಗಕ್ಕೆ ಕಾಲಿಡೋವಾಗ್ಲೇ. ಫೋನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ, ನುಡಿಸೋವಾಗ ಗೊತ್ತಾಗ್ದೇ ಇದ್ದ ಓಟ ಎಳೆತ ಎಲ್ಲ ಕಿವಿಗೆ ರಾಚುತ್ತೆ. ಇನ್ನೊಂದು, ಹಾಡೋರು ಸ್ಟೇಜ್ ಹತ್ತೋ ಮುಂಚೆ 'ಗಂಟಲು ಸರಿಯಿಲ್ಲ, ಸ್ಕೇಲ್ ಅರ್ಧ ಸ್ವರ ಇಳಿಸೋಣ್ವಾ' ಅಂತಾರೆ, ಆಗ ಮುಖ ಗಂಟು ಹಾಕ್ದೆ ಆಯ್ತು ಅನ್ನೋಕೆ ಅದನ್ನೂ ಮನೇಲೇ ನುಡಿಸಿ ನೋಡಿರ್ಬೇಕು.

ತಂತಿ, ಕೇಬಲ್, ಬ್ಯಾಟರಿ ಎಲ್ಲ ಇನ್ನೊಂದು ಸೆಟ್ ಬ್ಯಾಗಲ್ಲಿರ್ಲಿ. ಸೌಂಡ್‌ಚೆಕ್ಕಲ್ಲಿ (ಪ್ರೋಗ್ರಾಂಗೆ ಮುಂಚೆ ಒಬ್ಬೊಬ್ಬರ ಸೌಂಡ್ ಸರಿ ಮಾಡೋ ಹೊತ್ತು) ಬೇರೆಯವರ ಸರದಿ ಇದ್ದಾಗ ನಿಮ್ಮ ವಾದ್ಯ ಮುಟ್ಬೇಡಿ, ಸೌಂಡ್ ನೋಡ್ಕೊಳ್ಳೋರು ಈ ಒಂದು ವಿಷಯ ಮರೆಯೋದೇ ಇಲ್ಲ.

ಕಿವಿ ಬಗ್ಗೆ ದಯವಿಟ್ಟು ಉಡಾಫೆ ಬೇಡ. 85 ಡೆಸಿಬೆಲ್ ಸೌಂಡಲ್ಲಿ ದಿನಕ್ಕೆ 8 ಗಂಟೆ ಇರ್ಬಹುದು ಅಂತ ಲೆಕ್ಕ ಇದೆ, 3 ಡೆಸಿಬೆಲ್ ಏರಿದಷ್ಟೂ ಆ ಟೈಮ್ ಅರ್ಧ ಆಗ್ತಾ ಹೋಗುತ್ತೆ, 100 ಬಂತು ಅಂದ್ರೆ ಬರೀ 15 ನಿಮಿಷ. ಒಳಕಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ರೆ ಮತ್ತೆ ಹುಟ್ಟಲ್ಲ, ಮ್ಯೂಸಿಷಿಯನ್‌ಗಳಿಗೆ ಅಂತಾನೇ ಇಯರ್‌ಪ್ಲಗ್ ಸಿಗುತ್ತೆ, ಹಾಕ್ಕೊಳ್ಳಿ.

ದುಡ್ಡಿನ ಮಾತು ಬಾಯಲ್ಲಿ ಬೇಡ, ಮೆಸೇಜಲ್ಲಾದ್ರೂ ಇರ್ಲಿ: ಎಷ್ಟು ಗಂಟೆ, ಅಡ್ವಾನ್ಸ್ ಎಷ್ಟು, ಓಡಾಟದ ಖರ್ಚು ಯಾರ್ದು, ಕ್ಯಾನ್ಸಲ್ ಆದ್ರೆ ಏನು ಕೊಡ್ತಾರೆ. ಸ್ವಂತ ಹಾಡು ಮಾಡೋರು ಇದನ್ನ ಗಟ್ಟಿಯಾಗಿ ತಲೇಲಿಟ್ಕೊಳ್ಳಿ, ಒಂದು ಹಾಡಲ್ಲಿ ಎರಡು ಹಕ್ಕು ಇರುತ್ತೆ, ಸಾಹಿತ್ಯ-ಟ್ಯೂನಿಂದು ಒಂದು, ರೆಕಾರ್ಡಿಂಗಿಂದು ಇನ್ನೊಂದು. ಯಾರಿಗೆ ಎಷ್ಟು ಪಾಲು ಅಂತ ಹಾಡು ಮುಗಿದ ದಿನಾನೇ ಬರ್ದು ಎಲ್ರೂ ಸೈನ್ ಮಾಡ್ಬಿಡಿ. ಮೂವರು ಸೇರಿ ಮಾಡಿದ ನಮ್ಮದೊಂದು ಹಾಡು ಈ ಮಾತು ಮುಂದಕ್ಕೆ ಹಾಕ್ತಾ ಹೋಗಿದ್ದಕ್ಕೇ ರಿಲೀಸ್ ಆಗ್ದೆ ಹಾರ್ಡ್ ಡಿಸ್ಕಲ್ಲೇ ಉಳ್ಕೊಂಡಿದೆ, ಇವತ್ತಿಗೂ ಆ ಫೋಲ್ಡರ್ ಓಪನ್ ಮಾಡಿದ್ರೆ ಹೊಟ್ಟೆ ಉರಿಯುತ್ತೆ.