ಡೇರಿ ಕಾರ್ಯದರ್ಶಿಯೇ ಓದಬಲ್ಲ ನಿಯಮಗಳು: ಡ್ರೂಲ್ಸ್‌ನಲ್ಲಿ ಕನ್ನಡ ಬಳಸುವುದು ಹೇಗೆ

"ಯಾಕ್ರೀ ಈ ಸರ್ತಿ ದುಡ್ಡು ಕಮ್ಮಿ?" ಅಂತ ರೈತರು ಕೇಳೋದು ಡೇರಿ ಕಾರ್ಯದರ್ಶಿಯನ್ನು, ಪ್ರೋಗ್ರಾಂ ಬರೆದವರನ್ನಲ್ಲ. ಉತ್ತರ ಕೊಡಬೇಕಾದವರಿಗೆ ನಿಯಮ ಕಾಣಲೇಬೇಕು. ಅದಕ್ಕೇ ಹಾಲಿನ ಲೆಕ್ಕಕ್ಕೆ ನಾನು ಡ್ರೂಲ್ಸ್ ಬಳಸುತ್ತೇನೆ. ಇದು 'ಹೀಗಿದ್ದರೆ ಹೀಗೆ ಮಾಡು' ಎಂಬ ನಿಯಮಗಳನ್ನು ನಡೆಸುವ, ಜಾವಾ ಭಾಷೆಯಲ್ಲಿರುವ ಮುಕ್ತ ತಂತ್ರಾಂಶ. ಇದರ ಡಿಎಸ್‌ಎಲ್ (ಒಂದು ಕೆಲಸಕ್ಕೆಂದೇ ಮಾಡಿಕೊಂಡ ಪುಟ್ಟ ಭಾಷೆ) ಸೌಲಭ್ಯದಿಂದ, ಮೊದಲೇ ಗೊತ್ತುಮಾಡಿದ ಕನ್ನಡ ವಾಕ್ಯಗಳಲ್ಲಿ ನಿಯಮ ಬರೆಯಬಹುದು.

ಇನ್‌ಸ್ಟಾಲ್ ಮಾಡುವ ಮೊದಲು ಕಾರ್ಯದರ್ಶಿಯ ಪಕ್ಕ ಕೂತು, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. "ಫ್ಯಾಟ್ ಮೂರೂವರೆ ಬರದಿದ್ರೆ", "3.5ರ ಕೆಳಗಿದ್ರೆ", "3.5 ಕ್ಕಿಂತ ಕಡಿಮೆ" ಮೂರರ ಅರ್ಥವೂ ಒಂದೇ. ಅವರನ್ನೇ ಕೇಳಿ ಒಂದನ್ನು ಆರಿಸಿ, ಉಳಿದವನ್ನು ಕೈಬಿಡಿ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಫೈಲು ಎರಡು. ಡಿಎಸ್‌ಎಲ್ ಫೈಲಿನಲ್ಲಿ ಪ್ರತಿ ಸಾಲಿನ ಎಡಕ್ಕೆ ಕನ್ನಡ ವಾಕ್ಯ, ನಡುವೆ ಸಮಚಿಹ್ನೆ, ಬಲಕ್ಕೆ ಡ್ರೂಲ್ಸ್ ಕೋಡ್. ಡಿಎಸ್‌ಎಲ್‌ಆರ್ ಫೈಲಿನಲ್ಲಿ ನಿಯಮಗಳು; ಅದರ ತಲೆಯಲ್ಲಿ 'ಎಕ್ಸ್‌ಪ್ಯಾಂಡರ್' ಎಂದು ಬರೆದು ಮೊದಲನೆಯ ಫೈಲಿನ ಹೆಸರು ಕೊಡಬೇಕು. ನಿಯಮ ಹೀಗಿರುತ್ತದೆ (ರೂಲ್, ವೆನ್, ದೆನ್, ಎಂಡ್ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರಲಿ; ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ):

ರೂಲ್ "ಮರುಪರೀಕ್ಷೆ"
ವೆನ್
ಹಾಲು ಬಂದಿದೆ
- ಫ್ಯಾಟ್ 3.5 ಕ್ಕಿಂತ ಕಡಿಮೆ
- ಎಸ್‌ಎನ್‌ಎಫ್ 8.5 ಕ್ಕಿಂತ ಕಡಿಮೆ
ದೆನ್
ಕಾರ್ಯದರ್ಶಿಗೆ ತೋರಿಸು "ಮತ್ತೊಮ್ಮೆ ಪರೀಕ್ಷಿಸಿ"
ಎಂಡ್

ಅಡ್ಡಗೆರೆಯಿಂದ ಶುರುವಾಗುವ ಸಾಲುಗಳು ಮೇಲಿನ 'ಹಾಲು ಬಂದಿದೆ'ಗೆ ಷರತ್ತುಗಳಾಗಿ ಸೇರುತ್ತವೆ. ಗೊತ್ತುಮಾಡದ ವಾಕ್ಯ ಬರೆದರೆ ಬಿಲ್ಡ್ (ನಿಯಮಗಳನ್ನು ಓಡಿಸಲು ಸಿದ್ಧಮಾಡುವ ಹಂತ) ಅಲ್ಲೇ ನಿಲ್ಲುತ್ತದೆ. ಇದು ಒಳ್ಳೆಯದೇ, ಅರ್ಥವಾಗದ ನಿಯಮ ಸದ್ದಿಲ್ಲದೆ ದಾಟಿ ಹೋಗಬಾರದು.

ಕನ್ನಡದಲ್ಲಿ ಬರೆಯುವಾಗ ಕೆಲವು ಕಡೆ ವಿಶೇಷ ಎಚ್ಚರ ಬೇಕು. 'ಎಸ್‌ಎನ್‌ಎಫ್' ಪದದಲ್ಲಿ ಅರ್ಧಾಕ್ಷರಗಳ ನಂತರ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಇರಬಹುದು, ಇಲ್ಲದೆಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಕೊ'ದಲ್ಲಿನ ಒತ್ವವೂ ಹಾಗೆಯೇ: ಯುನಿಕೋಡ್‌ನಲ್ಲಿ ಅದನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಹಾಗಾಗಿ ಎರಡೂ ಫೈಲುಗಳನ್ನು ಡ್ರೂಲ್ಸ್‌ಗೆ ಕೊಡುವ ಮೊದಲು ಎನ್‌ಎಫ್‌ಸಿ ಎಂಬ, ಹೀಗೆ ಎರಡು ಬಗೆಯಲ್ಲಿ ಬರೆದದ್ದನ್ನು ಒಂದೇ ಮಾಡುವ ಯುನಿಕೋಡ್ ರೂಪಕ್ಕೆ ತಂದು, ಆ ಕಾಣದ ಅಕ್ಷರವನ್ನು ತೆಗೆದುಹಾಕುವ ಪುಟ್ಟ ಸ್ಕ್ರಿಪ್ಟ್ ಇಟ್ಟುಕೊಳ್ಳಿ. ಅಂಕಿಗಳು 3.5 ಎಂದೇ ಇರಲಿ, ೩.೫ ಎಂದು ಬರೆದರೆ ಜಾವಾ ಅದನ್ನು ಕೋಡ್‌ನೊಳಗಿನ ಸಂಖ್ಯೆಯಾಗಿ ಒಪ್ಪುವುದಿಲ್ಲ. ಫೈಲನ್ನು ಯುಟಿಎಫ್-8 ಎಂಬ ಅಕ್ಷರ-ಸಂಕೇತದಲ್ಲಿ ಉಳಿಸಿ. ಜಾವಾ 18ರಿಂದ ಅದೇ ಪೂರ್ವನಿಗದಿ. ಹಳೆಯ ಆವೃತ್ತಿಯಾದರೆ ನೀವೇ ಹೇಳಿಕೊಡಬೇಕು.

ಡಿಎಸ್‌ಎಲ್ ಸಾಲುಗಳು ಮೇಲಿನಿಂದ ಕೆಳಕ್ಕೆ ಅನ್ವಯವಾಗುತ್ತವೆ. 'ಕ್ಕಿಂತ ಕಡಿಮೆ ಅಥವಾ ಸಮ' ಎಂಬ ಉದ್ದದ ವಾಕ್ಯವನ್ನು 'ಕ್ಕಿಂತ ಕಡಿಮೆ'ಯ ಮೇಲಿಡಿ. ಇಲ್ಲದಿದ್ದರೆ ಗಿಡ್ಡ ವಾಕ್ಯ ಮೊದಲೇ ತಗುಲಿ ಬಾಲ ಉಳಿದುಬಿಡುತ್ತದೆ.

ಇನ್ನೊಂದು ಮಾತು: ಒಂದೇ ಹಾಲಿಗೆ ಎರಡು ನಿಯಮ ಹೊಂದಿದರೆ ಎರಡೂ ಓಡುತ್ತವೆ. ಬರೆದ ಕ್ರಮದಲ್ಲೇ ಓಡುತ್ತವೆ ಎಂದು ನಂಬಿ ಕೂರಬೇಡಿ. ಕ್ರಮ ಬೇಕಿದ್ದರೆ 'ಸೇಲಿಯೆನ್ಸ್' ಎಂಬ ಆದ್ಯತೆಯ ಸಂಖ್ಯೆ ಕೊಡಿ.

ಓಡಿಸಿ ನೋಡಲು ಎಸ್‌ಎನ್‌ಎಫ್ ಅನ್ನು 8.4ಕ್ಕೆ ನಿಲ್ಲಿಸಿ, ಫ್ಯಾಟ್ 3.4, 3.5, 3.6 ಇರುವ ಮೂರು ಸಾಲು ಕೊಡಿ. ಸಂದೇಶ ಮೊದಲನೆಯದಕ್ಕೆ ಮಾತ್ರ ಬರಬೇಕು. 3.5ಕ್ಕೂ ಬಂದರೆ ಡಿಎಸ್‌ಎಲ್‌ನ ಬಲಬದಿಯ ಹೋಲಿಕೆ ಚಿಹ್ನೆ ನೋಡಿ. ಅಲ್ಲಿ 'ಅಥವಾ ಸಮ' ಸೇರಿಕೊಂಡಿರುತ್ತದೆ.