ಮಾಸ್ಕೋ ದಾರಿಯ ಹಳಿ ಲೆಕ್ಕ

‘ವಾರ್ ಇನ್ ದಿ ಈಸ್ಟ್’ ಎಂಬ ಕಂಪ್ಯೂಟರ್ ಆಟವನ್ನು ಆಡತೊಡಗಿದ ಮೊದಲ ಕೆಲವು ತಿಂಗಳು ನಾನು ಅದನ್ನು ಟ್ಯಾಂಕುಗಳ ಆಟವೆಂದೇ ನಂಬಿದ್ದೆ. 2010ರಲ್ಲಿ ಬಿಡುಗಡೆಯಾದ ಈ ಆಟ, 1941ರ ಜೂನ್ 22ರಂದು ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಹೋದ ದಿನದಿಂದ ಆರಂಭವಾಗುತ್ತದೆ. ನಕ್ಷೆಯ ತುಂಬ ಆರು ಮೂಲೆಯ ಮನೆಗಳಿದ್ದು, ಒಂದೊಂದು ಮನೆಯೂ ಹತ್ತು ಮೈಲಿ, ಒಂದೊಂದು ಸರದಿಯೂ ಒಂದು ವಾರ. ಗಡಿಯುದ್ದಕ್ಕೂ ಹರಡಿರುವ ನೂರಾರು ಕಾಯಿಗಳನ್ನು ಒಂದೊಂದಾಗಿ ಮುಟ್ಟಿ ನಡೆಸಬೇಕಾದ್ದರಿಂದ, ನನ್ನ ಮೊದಲನೆಯ ಸರದಿ ಮುಗಿಯುವುದಕ್ಕೆ ಎರಡು ಭಾನುವಾರಗಳು ಹಿಡಿದವು.

ಆರಂಭದ ಯಶಸ್ಸು ತಲೆಗೇರುವಂಥದ್ದು. ಜರ್ಮನ್ ಸೇನಾನಿಗಳಾದ ಗುಡೇರಿಯನ್ ಮತ್ತು ಹೋತ್ ಅವರ ಪಂಜರ್ (ಜರ್ಮನ್ ಟ್ಯಾಂಕ್) ದಳಗಳನ್ನು ಉತ್ತರ ದಕ್ಷಿಣಗಳಿಂದ ನುಗ್ಗಿಸಿ ಮಿನ್‌ಸ್ಕ್ ಬಳಿ ಕೂಡಿಸಿದರೆ, ಬಿಯಾಲಿಸ್ಟಾಕ್ ಸುತ್ತಲಿನ ಸೋವಿಯತ್ ಸೈನ್ಯಗಳೆಲ್ಲ ಒಳಗೆ ಸಿಕ್ಕಿಕೊಳ್ಳುತ್ತವೆ. ನಾಲ್ಕೈದು ವಾರಗಳಲ್ಲಿ ನಾನು ಮಾಸ್ಕೋ ದಾರಿಯ ಸ್ಮೋಲೆನ್‌ಸ್ಕ್ ತಲುಪಿದ್ದೆ. ಮುಂದಿನ ಸರದಿಯಲ್ಲಿ ಮಾಸ್ಕೋ ಕಡೆಗೆ ಹೊರಡಿಸೋಣವೆಂದು ಒಂದು ಪಂಜರ್ ಡಿವಿಷನ್ ಮೇಲೆ ಕೈಯಿಟ್ಟು ನೋಡಿದರೆ, ಅದರ ಇಂಧನ ಬೇಕಾದದ್ದರ ಕಾಲುಭಾಗವೂ ಇರಲಿಲ್ಲ. ಪಕ್ಕದ ಡಿವಿಷನ್ನಿನದೂ ಅದೇ ಪಾಡು. ಶತ್ರು ಎದುರಿಗೆ ಇಲ್ಲದಿದ್ದರೂ ನನ್ನ ಸೈನ್ಯ ಎರಡು ಮನೆ ದಾಟಿ ನಿಂತುಬಿಟ್ಟಿತು.

ಕಾರಣ ಹುಡುಕುತ್ತ ಆಟದ ದಪ್ಪ ಕೈಪಿಡಿಯ ರೈಲ್ವೆ ಅಧ್ಯಾಯವನ್ನು ನಾನು ನಿಜವಾಗಿ ಓದಿದ್ದು ಆಗಲೇ. ಜರ್ಮನಿಯ ಹಳಿಗಳ ನಡುವಿನ ಅಗಲ 1435 ಮಿಲಿಮೀಟರ್, ಸೋವಿಯತ್ ಹಳಿಗಳದ್ದು 1524. ವಶಪಡಿಸಿಕೊಂಡ ಮಾರ್ಗವನ್ನು ರೈಲ್ವೆ ದುರಸ್ತಿ ಪಡೆಗಳು ಮನೆ ಮನೆಯಾಗಿ ಸರಿಪಡಿಸಿಕೊಂಡು ಬರುವವರೆಗೆ ಜರ್ಮನ್ ಗಾಡಿ ಅದರ ಮೇಲೆ ಓಡುವುದಿಲ್ಲ. ಹಳಿ ಮುಗಿದಲ್ಲಿಂದ ಮುಂದಕ್ಕೆ ಎಲ್ಲವನ್ನೂ ಲಾರಿಗಳು ಹೊರಬೇಕು, ದೂರ ಹೆಚ್ಚಿದಷ್ಟೂ ಲಾರಿಗಳು ಸವೆಯುತ್ತವೆ. ಇದು ನನಗೆ ಹೊಸ ವಿಷಯವಾಗಬಾರದಿತ್ತು. ಬೆಂಗಳೂರಿನಲ್ಲಿ ಮದ್ರಾಸಿನ ಕಡೆಗೆ ಬ್ರಾಡ್‌ಗೇಜ್, ಮೈಸೂರಿನ ಕಡೆಗೆ ಮೀಟರ್‌ಗೇಜ್ ಇದ್ದ ಕಾಲದಲ್ಲಿ, ಒಂದು ವ್ಯಾಗನ್ನಿನ ಮೂಟೆಗಳನ್ನು ಹಮಾಲಿಗಳು ಬೆನ್ನ ಮೇಲೆ ಹೊತ್ತು ಇನ್ನೊಂದಕ್ಕೆ ತುಂಬುವುದನ್ನು ಹುಡುಗನಾಗಿ ನೋಡಿದವನು ನಾನು.

ಎರಡನೆಯ ಆಟವನ್ನು ಹಾಳೆ, ಪೆನ್ಸಿಲ್ ಹಿಡಿದು ಆರಂಭಿಸಿದೆ. ಗಡಿಯ ಊರಾದ ಬ್ರೆಸ್ಟ್‌ನಿಂದ ಮಿನ್‌ಸ್ಕ್ ಮೂಲಕ ಸ್ಮೋಲೆನ್‌ಸ್ಕ್‌ಗೆ ರೈಲುದಾರಿ ಸುಮಾರು 680 ಕಿಲೋಮೀಟರ್, ಅಂದರೆ ನಕ್ಷೆಯಲ್ಲಿ ನಲವತ್ತಕ್ಕೂ ಮೇಲ್ಪಟ್ಟು ಮನೆಗಳು. ಒಂದು ದುರಸ್ತಿ ಪಡೆಯಿಂದ ವಾರಕ್ಕೆ ಹೆಚ್ಚುಕಡಿಮೆ ನಾಲ್ಕೈದು ಮನೆ ಆಗುತ್ತದೆ ಎಂದು ಹಿಡಿದರೆ, ಟ್ಯಾಂಕುಗಳು ಜುಲೈನಲ್ಲಿ ಮುಟ್ಟುವ ಊರಿಗೆ ಹಳಿ ಬರುವುದು ಆಗಸ್ಟ್ ಕೊನೆಗೆ. ಹಿಂದಿನ ಆಟದಲ್ಲಿ ನಾನು ಈ ಪಡೆಯನ್ನು ನಡುವೆ ಗೋಮೆಲ್ ಕವಲಿಗೆ ಕಳಿಸಿ, ಮತ್ತೆ ಹಿಂದಕ್ಕೆ ಕರೆದು, ಮೂರು ವಾರ ನೀರಿನಲ್ಲಿ ಹೋಮ ಮಾಡಿದ್ದೆ. ಈ ಸಲ ಅದನ್ನು ಮುಖ್ಯ ಮಾರ್ಗದಿಂದ ಅಲುಗಾಡಿಸಲಿಲ್ಲ. ಹಳಿ ಹತ್ತಿರ ಬರಲೆಂದು ಸ್ಮೋಲೆನ್‌ಸ್ಕ್‌ನಲ್ಲಿ ಪಂಜರ್‌ಗಳನ್ನು ಎರಡು ಸರದಿ ಸುಮ್ಮನೆ ಕೂರಿಸಿದೆ. ಏನೂ ಮಾಡದೆ ‘ಸರದಿ ಮುಗಿಸು’ ಗುಂಡಿ ಒತ್ತುವುದೇ ಈ ಆಟದ ಅತ್ಯಂತ ಕಷ್ಟದ ನಡೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆದರೂ ಮಾಸ್ಕೋ ಸಿಗಲಿಲ್ಲ. ಅಕ್ಟೋಬರ್ ಕೆಸರು ಬಂದು ಲಾರಿಗಳನ್ನು ಹೂತುಹಾಕಿತು, ಡಿಸೆಂಬರಿನ ಹಿಮ ಬಂದು ನನ್ನ ಡಿವಿಷನ್‌ಗಳ ಬಲವನ್ನು ಕಂಡಾಪಟ್ಟೆ ಇಳಿಸಿತು. ಆದರೆ ಸೋತದ್ದು ಏಕೆಂದು ಆ ಸಲ ನನಗೆ ಸರದಿ ಸರದಿಯಾಗಿ ಗೊತ್ತಿತ್ತು, ಈ ಆಟದ ರುಚಿ ಹತ್ತಿದ್ದೂ ಆಗಲೇ. ಇತಿಹಾಸದ ಪುಸ್ತಕದಲ್ಲಿ ಓದಿ ಮರೆತಿದ್ದ ಸಂಗತಿಗಳು, ಉದಾಹರಣೆಗೆ ಜರ್ಮನ್ ಸೈನ್ಯ ಆರು ಲಕ್ಷ ಕುದುರೆಗಳನ್ನು ಜೊತೆಗೆ ಕೊಂಡೊಯ್ದದ್ದು, ಅವರ ಉಗಿಬಂಡಿಗಳ ಹೊರಗಿದ್ದ ಕೊಳವೆಗಳು ಚಳಿಯಲ್ಲಿ ಹೆಪ್ಪುಗಟ್ಟಿ ಒಡೆದದ್ದು, ಈಗ ನನ್ನ ತಲೆನೋವಿನ ಭಾಗವಾಗಿಯೇ ಅರ್ಥವಾದವು.

ಒಂದು ಮಾತು ಹೇಳದೆ ಇರಲಾರೆ. ನಕ್ಷೆಯಲ್ಲಿ ಸುತ್ತುವರಿದ ಕಾಯಿ ಅಳಿಸಿಹೋದಾಗ ಕೈದಿಗಳ ಒಂದು ಸಂಖ್ಯೆ ಮೂಡುತ್ತದೆ, ಅಷ್ಟೇ. ನಿಜದಲ್ಲಿ ಆ ಯುದ್ಧದಲ್ಲಿ ಸೆರೆಸಿಕ್ಕ ಸೋವಿಯತ್ ಸೈನಿಕರ ಪೈಕಿ ಸುಮಾರು 30 ಲಕ್ಷ ಮಂದಿ ಹಸಿವು, ರೋಗ, ಗುಂಡೇಟುಗಳಿಂದ ಸತ್ತರು. ಅದನ್ನು ಓದಿದ ಮೇಲೆ ಜರ್ಮನ್ ಕಡೆಯಿಂದ ಆಡುವ ಉತ್ಸಾಹ ನನ್ನಲ್ಲಿ ಬತ್ತಿತು.

ಈಗ ಗೆಳೆಯರೊಬ್ಬರ ಎದುರು ಸೋವಿಯತ್ ಕಡೆಯನ್ನು ಆಡುತ್ತಿದ್ದೇನೆ. ಸರದಿ ಮುಗಿದ ಕಡತವನ್ನು ಪರಸ್ಪರ ಕಳಿಸಿಕೊಳ್ಳುತ್ತೇವೆ. ಇಲ್ಲಿಯೂ ಕೈ ಕಟ್ಟುವುದು ರೈಲೇ. ಕಾರ್ಖಾನೆಗಳನ್ನು ಯುರಲ್ ಪರ್ವತಗಳ ಕಡೆಗೆ ಸಾಗಿಸಲು ಕೊಟ್ಟ ಪ್ರತಿಯೊಂದು ವ್ಯಾಗನ್ನೂ ಯುದ್ಧರಂಗಕ್ಕೆ ಸೈನಿಕರನ್ನು ಕರೆತರುವ ವ್ಯಾಗನ್ನಿನಿಂದ ಕಳೆದದ್ದೇ. ಸದ್ಯ ಸೆಪ್ಟೆಂಬರ್ ಎರಡನೆಯ ವಾರ. ಖಾರ್ಕೋವ್‌ನ ಟ್ಯಾಂಕ್ ಕಾರ್ಖಾನೆ ಅರ್ಧ ಮಾತ್ರ ರೈಲು ಹತ್ತಿದೆ, ಗೆಳೆಯರ ಪಂಜರ್‌ಗಳು ಅಲ್ಲಿಗೆ ಎಂಟು ಮನೆ ದೂರದಲ್ಲಿವೆ. ಅವರ ಹಳಿ ಎಲ್ಲಿಯವರೆಗೆ ಬಂದಿದೆ ಎಂಬುದು ಮಾತ್ರ ನನಗೆ ಕಾಣಿಸುತ್ತಿಲ್ಲ.