ಡಯಾಲಿಸಿಸ್ ಇರುವ ಮನೆಯಲ್ಲಿ ಇಬ್ಬರ ಮನಸ್ಸನ್ನೂ ನೋಡಿಕೊಳ್ಳುವುದು

ಕಿಡ್ನಿ ಕೈಕೊಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ. ಹೋಗಿ ಬರುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. ಕುಡಿದ ನೀರನ್ನು ಕಿಡ್ನಿ ಸರಿಯಾಗಿ ಹೊರಹಾಕದೆ ಅದು ಮೈಯಲ್ಲೇ ನಿಲ್ಲುವುದರಿಂದ ಡಾಕ್ಟರ್ ನೀರಿಗೆ ಮಿತಿ ಹಾಕಿರುತ್ತಾರೆ. ಹಾಗಾಗಿ ಇಷ್ಟರ ಮೇಲೆ ಮನೆಯಲ್ಲಿ ನೀರಿನ ವಿಷಯಕ್ಕೆ ದಿನಾ ಜಗಳ.

"ನೀರು ಸಾಕು, ಉಪ್ಪಿನಕಾಯಿ ಯಾಕೆ ಹಾಕ್ಕೊಂಡ್ರಿ" ಅಂತ ಕಾವಲು ಕೂತರೆ ಅವರು ಕದ್ದು ಕುಡಿಯುತ್ತಾರೆ, ಅಷ್ಟೇ. ಯಾವುದೂ ತನ್ನ ಕೈಯಲ್ಲಿಲ್ಲ ಅನ್ನಿಸಿದಾಗ ಯಾರಾದರೂ ಹಾಗೆ ಮಾಡುತ್ತಾರೆ ಅಲ್ವಾ? ಲೆಕ್ಕವನ್ನು ಅವರಿಗೇ ಕೊಡಿ. ಡಾಕ್ಟರ್ ಹೇಳಿದಷ್ಟು ನೀರನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಡಿ, ಕಾಫಿ, ಸಾರು, ಮಜ್ಜಿಗೆ ಕುಡಿದಾಗಲೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ಅವರೇ ತೆಗೆಯಲಿ. ಉಳಿದದ್ದನ್ನು ಯಾವಾಗ ಕುಡಿಯುವುದು ಅನ್ನುವುದು ಅವರಿಷ್ಟ. ಮೈಯಲ್ಲಿ ನೀರು ನಿಂತು ತೂಕ ಜಾಸ್ತಿ ಬಂದ ದಿನ ಬೈಯಬೇಡಿ. "ಯಾವ ಹೊತ್ತಲ್ಲಿ ತಡೆಯೋಕೆ ಆಗ್ಲಿಲ್ಲ?" ಅಂತ ಕೇಳಿ. ರಾತ್ರಿ ಊಟ ಆದ ಮೇಲೆ ಅಂದರೆ ಸಾರಿನ ಉಪ್ಪು ಕಡಿಮೆ ಮಾಡಿ, ಬಾಯಾರಿಕೆಯೂ ಕಡಿಮೆಯಾಗುತ್ತದೆ.

ಎಳನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ಅದನ್ನು ಹೊರಹಾಕದಿದ್ದರೆ ಎದೆಬಡಿತವೇ ಏರುಪೇರಾಗಬಹುದು. ಹುಷಾರಿಲ್ಲದವರನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವುದೇ ಎಳನೀರು, ಬಾಳೆಹಣ್ಣು. ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡಿ.

ಇನ್ನು ನೋಡಿಕೊಳ್ಳುವವರು. ಹೆಚ್ಚಾಗಿ ಹೆಂಡತಿ, ಮಗಳು, ಇಲ್ಲಾ ಸೊಸೆ. ಸಣ್ಣದಕ್ಕೆಲ್ಲ ಸಿಟ್ಟು, ನಿದ್ದೆ ಇಲ್ಲ, ತಮ್ಮ ಬಿಪಿ ಮಾತ್ರೆಯೇ ಮರೆತುಹೋಗುವುದು, ಇವೆಲ್ಲ ದಣಿವು ಮಿತಿ ಮೀರಿದ ಲಕ್ಷಣ. ಬಿಡುವು ತಾನಾಗಿ ಸಿಗುವುದಿಲ್ಲ, ಕೇಳಿ ತಗೊಳ್ಳಬೇಕು. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವ ಮೈದುನನಿಗೆ "ಪ್ರತಿ ಗುರುವಾರ ಅಣ್ಣನನ್ನು ನೀವು ಕರ್ಕೊಂಡು ಹೋಗಿ" ಅಂತ ನೇರವಾಗಿ ಹೇಳಿ. ದಿನ, ಕೆಲಸ ಎರಡನ್ನೂ ಹೇಳಿದರೆ ಜಾರಿಕೊಳ್ಳುವುದು ಕಷ್ಟ. ಸ್ಟಾಫ್ ಒಪ್ಪಿದರೆ ಆ 4 ಗಂಟೆಯೂ ವಾರ್ಡಿನ ಹೊರಗೆ ಸುಮ್ನೆ ಕೂರಬೇಕಿಲ್ಲ. ಅವರಿಗೆ ನಂಬರ್ ಕೊಟ್ಟು ಸ್ವಲ್ಪ ಓಡಾಡಿ ಬನ್ನಿ, ಮನೆ ಹತ್ತಿರವಿದ್ದರೆ ಹೋಗಿ ಮಲಗಿ. ಇದರಲ್ಲಿ ತಪ್ಪೇನೂ ಇಲ್ಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ ಅಂದರೆ, "ಡಯಾಲಿಸಿಸ್ ಸಾಕು, ಬಿಟ್ಬಿಡಿ" ಅಂದರೆ, "ಹಾಗೆಲ್ಲ ಮಾತಾಡಬೇಡಿ" ಅಂತ ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು ಪೂರ್ತಿ ಕೇಳಿ, ಆಮೇಲೆ ಡಾಕ್ಟರ್‌ಗೆ ತಿಳಿಸಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ತಮಗಾಗಿ ಅದಕ್ಕೆ ಫೋನ್ ಮಾಡಬಹುದು.